ಗಿಂಡಿಯಲ್ಲಿ ಬಂದ ಕೂಲಿಯಾಳುಗಳು

ಸಂಗಮ್ಮ ಟೀಚರ ದನಿ ಮಾನ್ವಿಯ ಮೂರು ಓಣಿಗೆ ಕೇಳುತ್ತಿತ್ತು. ಆ ದನಿ ಹೊರಡದೆ ಹೋದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ, ಭಾನುವಾರ, ಬೆಳಗಿನ ಒಂಬತ್ತೂಕಾಲು. ಹಿತ್ತಲ ಬಾಗಿಲಲ್ಲಿ ಅವರು ಬಾಯಿ ತೆರೆದು ನಿಂತಿದ್ದರು, ಮಾತು ಬರಲಿಲ್ಲ. ಅವರ ಗಂಡ ಅಮರಪ್ಪನವರು ಅವರೆಬಳ್ಳಿಯ ಚಪ್ಪರದ ಕೆಳಗೆ ಬಿದ್ದಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಪಕ್ಕದಲ್ಲಿ ಬಕೆಟ್ಟು, ಅದರಲ್ಲಿ ಅದ್ದಿದ ಬೇವಿನ ಟೊಂಗೆ.

ಬಳ್ಳಿಗೆ ರಸ ಹೀರುವ ಕರಿಹೇನು ಹತ್ತಿತ್ತು. ಮಲ್ಲಟದ ತಮ್ಮ ಹೊಲದ ಹತ್ತಿಗೆಂದು ತಂದಿದ್ದ ಔಷಧಿಯನ್ನೇ ನೀರಿಗೆ ಬೆರೆಸಿ, ಬರಿಗೈಯಲ್ಲಿ ಟೊಂಗೆ ಅದ್ದಿ, ಗಾಳಿಗೆ ಎದುರಾಗಿ ನಿಂತು ಚಿಮುಕಿಸಿದ್ದರು, ಪೂಜೆ ಮುಗಿಸಿ ತೀರ್ಥ ಚಿಮುಕಿಸುವ ಹಾಗೆ.

ನಾನು ರಾಯಚೂರಿನಲ್ಲಿ ಬಿ.ಎ. ಮುಗಿಸಿ, ಮಾನ್ವಿಯಲ್ಲಿ ಗುಮಾಸ್ತನಾಗಿ, ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಯಾರದೋ ಜೀಪಿನಲ್ಲಿ ಅಮರಪ್ಪನವರನ್ನು ರಾಯಚೂರಿಗೆ ಒಯ್ದೆವು. ಕಲ್ಮಲದ ಹತ್ತಿರ, ನನ್ನ ತೊಡೆಯ ಮೇಲಿದ್ದ ಅವರ ತಲೆ ಒಮ್ಮೆಲೇ ಭಾರವಾಯಿತು. ಉಸಿರು ನಿಂತಿತು, ಮತ್ತೆ ಬಂತು. ನಡುವಿನ ಆ ಹೊತ್ತು ಇವತ್ತಿಗೂ ನನ್ನೊಳಗೆ ಮುಗಿದಿಲ್ಲ. ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿ ಅವರನ್ನು ಉಳಿಸಿಕೊಂಡರು.

ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆಯಿಲ್ಲ. ಉಸಿರು ಕಟ್ಟಿದಂತಾಗಿ ಅಮರಪ್ಪನವರು ಎದ್ದು ಕೂರುವರು. ಅವರು ಎದ್ದರೆ ಟೀಚರ್ ಏಳುವರು. ಗೋಡೆಯ ಈಚೆ ನಾನು ಕಿವಿಗೊಟ್ಟು ಮಲಗಿರುವೆ. ಅರ್ಧ ಉಳಿದ ಔಷಧಿಯ ಡಬ್ಬಿ ಅಟ್ಟದ ಮೇಲೆ ಹಾಗೇ ಇತ್ತು. ಟೀಚರ್ ಅದನ್ನು ಹೊರಹಾಕಲು ಹೋದರೆ ಅಮರಪ್ಪನವರು ಬಿಡಲಿಲ್ಲ. "ಮತ್ತ ಹೇನು ಬಿದ್ರ ನಿನ್ನ ಪಾಟಿ-ಬಳಪ ಬಂದು ಕಾಯ್ತಾವೇನು?"

ಔಷಧಿ ಬಿದ್ದ ಬಳ್ಳಿಯನ್ನು ಕಿತ್ತು ಹಾಕಿದ್ದೆವು. ಮೂಲೆಯಲ್ಲಿದ್ದ ಇನ್ನೊಂದು ಬಳ್ಳಿಗೂ ಹೇನು ಹತ್ತಿತು. ಅಮರಪ್ಪನವರು ಅಟ್ಟದ ಕಡೆ ನೋಡಿದರು.

"ಎಂಟು ದಿನ ನೋಡ್ತೀನಿ. ಆಮ್ಯಾಲೆ ಡಬ್ಬಿ ಇಳಸ್ತೀನಿ."

"ಎಂಟು ದಿನ ಭಾಳಾತು," ಎಂದರು ಟೀಚರ್.

ಅವರ ತವರು ದೇವದುರ್ಗದ ಕಡೆಯ ಜಾಲಹಳ್ಳಿ. ಜೋಳದ ಸುಳಿಯಲ್ಲಿ ಗುಲಗಂಜಿ ಹುಳ ಹೇನು ತಿನ್ನುವುದನ್ನು ನೋಡುತ್ತಲೇ ಬೆಳೆದವರು. ಮರುದಿನವೇ ಮಲ್ಲಟದ ಹೊಲಕ್ಕೆ ಹೋಗಿ, ಅಲ್ಲಿಯ ಜೋಳದಿಂದ ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಆ ಹುಳಗಳನ್ನು ಆರಿಸಿ, ಹಿತ್ತಾಳೆ ಗಿಂಡಿಗೆ ತುಂಬಿ, ಬಾಯಿಗೆ ತೆಳು ಅರಿವೆ ಕಟ್ಟಿ ಬಸ್ಸು ಹತ್ತಿದರು. ಜೊತೆಗೆ ನಾನು.

"ಗಿಂಡ್ಯಾಗ ಏನದರೀ ಟೀಚರಾ, ತುಪ್ಪಾ?" ಎಂದ ಕಂಡಕ್ಟರು.

"ಕೂಲ್ಯಾಳು."

"ಹಂಗಾದ್ರ ಟಿಕೇಟ್ ತಗೋರಿ. ಎಷ್ಟು ಮಂದಿ ಅದಾರ?"

"ಅರಿವಿ ಬಿಚ್ಚತೀನಿ, ನೀನ ಎಣಿಸ್ಕೋ ತಮ್ಮಾ. ಅಂಗಿಯೊಳಗ ಹೊಕ್ಕರ ನನ್ನ ಕೇಳಬ್ಯಾಡ."

ಬಸ್ಸೆಲ್ಲ ನಕ್ಕಿತು.

ಬಿಸಿಲಿಳಿದ ಮೇಲೆ ಬಳ್ಳಿಗೆ ನೀರು ಚಿಮುಕಿಸಿ ಹುಳಗಳನ್ನು ಬಿಟ್ಟರು. ಅಲ್ಲಿಗೆ ಸುಮ್ಮನಿರಲಿಲ್ಲ. ಒಂದು ಬಟ್ಟಲಲ್ಲಿ ಬೆಲ್ಲದ ನೀರು ತಂದು ಬಳ್ಳಿಯ ಬುಡಕ್ಕಿಟ್ಟರು. "ಮನಿಗಿ ಬಂದವರಿಗಿ ಬೆಲ್ಲ-ನೀರು ಕೊಡ್ಲಾರದ ಹ್ಯಾಂಗ ಕೆಲಸ ಹೇಳೂದು?"

ಬೆಳಗಾಗುವಷ್ಟರಲ್ಲಿ ಬಟ್ಟಲಿನಿಂದ ಬಳ್ಳಿಯ ತುದಿಯವರೆಗೆ ಇರುವೆ ಸಾಲು. ಗುಲಗಂಜಿ ಹುಳ ಒಂದೂ ಇಲ್ಲ.

"ಟೀಚರಾ, ಬೀಗರ ಪಾಲಿನ ಬೆಲ್ಲ ಇರುವಿ ಉಂಡು, ಬೀಗರ್ನೇ ಓಡಿಸ್ಯಾವ ನೋಡು!" ಎಂದು ಅಮರಪ್ಪನವರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಕೆಮ್ಮು ಬರುವವರೆಗೂ ನಕ್ಕರು.

ಟೀಚರ್ ಸೊಂಟಕ್ಕೆ ಕೈಯಿಟ್ಟು ನೋಡಿದರು. "ನಗ್ರಿ, ನಗ್ರಿ. ನಿಮ್ಮ ಉಸಿರು ಗಟ್ಟಿ ಅದ ಅಂಬೋದಾದ್ರೂ ತಿಳೀತು."

ಅಂದೇ ಮತ್ತೆ ಮಲ್ಲಟ, ಮತ್ತೆ ಗಿಂಡಿ. ಈ ಸಲ ಬೆಲ್ಲವಿಲ್ಲ. ಇರುವೆ ಹತ್ತದಂತೆ ಬಳ್ಳಿಯ ಬುಡಕ್ಕೂ ಚಪ್ಪರದ ಕಾಲಿಗೂ ಔಡಲೆಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದರು. ಪಕ್ಕದ ಮಡಿಯಲ್ಲಿ ಹೂಬಿಟ್ಟ ಕೊತ್ತಂಬರಿಯನ್ನು ಯಾರಿಗೂ ಕೀಳಗೊಡಲಿಲ್ಲ. "ಅದು ಅವರ ಗುಡಿಸಲು."

ಗಡುವು ಮುಗಿಯುವ ಮುನ್ನಾದಿನ ಅಮರಪ್ಪನವರು ಒಂದು ಎಲೆ ಮಗುಚಿದರು. ಮೈತುಂಬ ಮುಳ್ಳು, ಕಿತ್ತಳೆ ಮಚ್ಚೆಯ ಒಂದು ಕರಿ ಹುಳ. "ಹೇನು ಸಾಲದಂತ ಇದೊಂದು ಪೀಡಾ!" ಎಂದು ಹಿಸುಕಲು ಬೆರಳು ಚಾಚಿದರು.

"ಮುಟ್ಟಬ್ಯಾಡ್ರೀ! ಅದು ಕೂಲ್ಯಾಳಿನ ಕೂಸು!"

ಮೂರು ಓಣಿಗೂ ಕೇಳಿರಬೇಕು. ಅಮರಪ್ಪನವರು ಕೈ ಹಿಂತೆಗೆದು ಕುಕ್ಕರಗಾಲಲ್ಲಿ ಕೂತರು. ಆ ಕೂಸು ಒಂದು ಹೇನು ಹಿಡಿದು ತಿಂದಿತು, ಇನ್ನೊಂದಕ್ಕೆ ತೆವಳಿತು. ಊಟಕ್ಕೆ ಕರೆದರೂ ಅವರು ಏಳಲಿಲ್ಲ. ಎಂಟನೆಯ ದಿನ ಡಬ್ಬಿಯ ಮಾತು ಯಾರೂ ಎತ್ತಲಿಲ್ಲ. ಬಳ್ಳಿಯ ಕುಡಿ ಮೆಲ್ಲಗೆ ಹಸಿರಾಗತೊಡಗಿತು.

ಮುಂದೆ ಟೀಚರಿಗೆ ದೇವದುರ್ಗಕ್ಕೆ ವರ್ಗವಾಯಿತು. ನಾನು ಅವರನ್ನು ಕೊನೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ತೊಡೆಯ ಮೇಲೆ ಅದೇ ಗಿಂಡಿ, ಬಾಯಿಗೆ ಅರಿವೆ. ಈಗಲೂ ಕೆಲವು ರಾತ್ರಿ ನಾನು ಕಲ್ಮಲದ ಹತ್ತಿರ ಆ ಜೀಪಿನಲ್ಲೇ ಇರುತ್ತೇನೆ. ಆಗೆಲ್ಲ ಅವರೆಯ ಮೊದಲ ಕಾಯಿ ಬಿಡಿಸಿದ ದಿನವನ್ನು ಹುಡುಕಿಕೊಳ್ಳುತ್ತೇನೆ.

ಅಂದು ಸಂಜೆ ಅಮರಪ್ಪನವರು ಡಬ್ಬಿ ಇಳಿಸಿ, ಗೋಣಿಯಲ್ಲಿ ಸುತ್ತಿಕೊಂಡು ಹೋದರು. ಬರಿಗೈಯಲ್ಲಿ ಬಂದು ಸಬಕಾರ ಹಚ್ಚಿ ಕೈ ತೊಳೆದರು.

"ಅಂಗಡಿಯವಗ ವಾಪಸ್ ಕೊಟ್ಟು ಬಂದೆ. ಯಾಕ ಅಂದ. ಕೂಲ್ಯಾಳು ಸಿಕ್ಕಾರ ಅಂದೆ."

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಗೋಡೆಯ ಆಚೆ ಎರಡು ಗೊರಕೆ. ದೂರದಲ್ಲಿ ಶಾಲೆಯ ಗಂಟೆ ಬಾರಿಸಿತು. ಶಾಲೆಗೆ ಒಮ್ಮೆಯೂ ತಡಮಾಡದ ಸಂಗಮ್ಮ ಟೀಚರ ದನಿ ಮೂರು ಓಣಿಗೆ ಕೇಳಿತು:

"ಯವ್ವಾ! ಪ್ರಾರ್ಥನಿ ಗಂಟಿ!"