ಪ್ರಮಿಳಾ ತೆಗೆದ ಖಾಲಿ ಫಾರ್ಮು

ಪ್ರಮಿಳಾ ಶಿವಬಸವ ನಗರದ ನಮ್ಮ ಮನಿಗೆ ಬಂದಾಗ ಅಕಿ ಕೂಡ ಒಂದು ಟ್ರಂಕು, ಒಂದು ಸ್ಟೋ ಇದ್ದುವು. ಖಾನಾಪುರ ತಾಲೂಕಿನ ಬೀಡಿ ಅನ್ನೂ ಊರಿನ ಕಡೆಯ ಹುಡುಗಿ. ತಂದೆ ಸತ್ಯಪ್ಪ ಕುರಿ ಕಾಯುವವರು. ಬೆಳಗಾವಿಯ ಒಂದು ಧರ್ಮಾರ್ಥ ಕಣ್ಣಿನ ದವಾಖಾನಿಯಲ್ಲಿ ಅಕಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಹಿಂದಿನ ಖೋಲಿ ತೋರಿಸಿದೆ. ಗ್ವಾಡಿ ಮುಟ್ಟಿ ನೋಡಿ, “ಮಳಿಗಾಲದಾಗ ಹಸಿ ಏರತೈತೇನ್ರಿ ಆಯಿ?” ಅಂದಳು. “ಏರತೈತಿ,” ಅಂದೆ. “ಖರೇ ಹೇಳಿದ್ರಿ, ಇದ ಇರ್ಲಿ,” ಅಂತ ಟ್ರಂಕು ಒಳಗ ತಂದಳು. ಅದು ಎರಡು ಸಾವಿರದ ಮೂರನೆಯ ಇಸವಿ.

ನಾನು ಮನಿಯಲ್ಲೇ ಕುಪ್ಪಸ ಹೊಲಿಯುವಾಕಿ. ಸಂಜಿಗೆ ಕೆಲಸದಿಂದ ಬಂದು ಅಕಿ ನನ್ನ ಮಿಶನ್ ಬಾಜು ಕೂಡುತ್ತಿದ್ದಳು, ಗುಂಡಿ ಹಚ್ಚಿ ಕೊಡುತ್ತಿದ್ದಳು. ಒಂದು ದಿನ ನಿನ್ನ ಕೆಲಸ ಏನದು, ನನಗ ತಿಳಿಯುವಂಗ ಹೇಳು ಅಂದೆ. ಹಳ್ಳಿಯಿಂದ ಬಂದ ಒಬ್ಬೊಬ್ಬರ ಹೆಸರು, ವಯಸ್ಸು, ಯಾವ ಕಣ್ಣಿಗೆ ಏನಾಗೇತಿ, ಎಲ್ಲಾ ಇಂಟರ್‌ನೆಟ್ಟಿನ ಒಂದು ಫಾರ್ಮಿನಾಗ ತುಂಬೂದು ಅಂದಳು. ಇಲ್ಲಿ ತುಂಬಿದ್ದು ಖಾನಾಪುರದಾಗ ಕೂತು ತೆಗೆದರೂ ಕಾಣುತ್ತದೆ. ಒಂದೇ ಮನಿಯವರು ಬಂದರೆ ಊರು, ಓಣಿ, ಫೋನು ಎಲ್ಲಾ ಮತ್ತ ಮತ್ತ ಒತ್ತಬೇಕಲ್ಲ, ಅದಕ್ಕ ನಕಲು ಅಂತ ಒಂದು ಗುಂಡಿ ಕೊಟ್ಟಾರ. ಗಂಡನ ದಾಖಲಿ ತೆಗೆದು ಅದನ್ನ ಒತ್ತಿದರೆ ಅಂಥಾದ್ದೇ ಇನ್ನೊಂದು ಫಾರ್ಮು ತುಂಬಿಕೊಂಡು ಬರುತ್ತದೆ. ಹೆಂಡತಿ ಹೆಸರು, ವಯಸ್ಸು ತಿದ್ದಿ ಉಳಿಸಿದರೆ ಆತು.

“ನೀವು ಅಳತಿ ಕುಪ್ಪಸ ಇಟ್ಟು ಕತ್ತರಸ್ತೀರಲ್ರಿ ಆಯಿ, ಹಂಗ.”

“ಅಳತಿ ಕುಪ್ಪಸದ ಒಂದು ತೋಳು ಗಿಡ್ಡ ಇದ್ರ ಹೊಸದರದೂ ಗಿಡ್ಡ ಆಗತೈತಿ. ನೋಡಿಕೊಂಡು ಮಾಡವ್ವಾ.”

ಅಕಿ ನಕ್ಕಳು. “ನಮ್ಮಪ್ಪನೂ ಹಿಂಗ ಅಂತಾನ್ರಿ. ಕುರಿ ಎಲ್ಲಾ ಒಂದ ಕಾಣತಾವ ಅನ್ನಾವ ಕುರುಬನ ಅಲ್ಲ ಅಂತಾನ.”

ಆ ವರ್ಷ ಖಾನಾಪುರದಲ್ಲಿ ಕಣ್ಣಿನ ಶಿಬಿರ ಆಯಿತು. ಅಲ್ಲಿ ನಡೆದದ್ದನ್ನ ಪ್ರಮಿಳಾನೇ ನನಗ ಆಮ್ಯಾಲೆ ಹೇಳಿದ್ದು. ಪಾಳಿ ಬಾಗಿಲು ದಾಟಿ ರಸ್ತೆಗೆ ಹೋಗಿತ್ತಂತೆ. ಬಸಲಿಂಗಪ್ಪ ಅಂತ ಒಬ್ಬ ಹಿರಿಯರು ಮುಂದ ಬಂದರು. ಅವರ ಬೆನ್ನ ಹಿಂದ ಸೆರಗು ಹೊದ್ದು ಹೆಂಡತಿ ಫಕೀರವ್ವ. ಕೇಳಿದ್ದಕ್ಕೆಲ್ಲಾ ಬಸಲಿಂಗಪ್ಪ ದೊಡ್ಡ ದನಿಯಲ್ಲಿ ಹೇಳಿದರು. ಕಡೀಕ ಒಂದು ಪ್ರಶ್ನೆ, ಸತ್ತ ಮ್ಯಾಲೆ ಕಣ್ಣು ದಾನ ಕೊಡ್ತೀರೇನು ಅಂತ. “ಕೊಡ್ತೀನಿ, ಬರಕೋ,” ಅಂದರು.

“ಅಜ್ಜೀದು ಹೇಳ್ರಿ ಕಾಕಾ.”

“ಅಕೀದೇನ ಬ್ಯಾರೆ? ಹೆಸರೊಂದು ಬಿಟ್ರ ನಂದಿದ್ದದ್ದ ಅಕೀದು.”

ಪಾಳಿಯಾಗಿನ ಒಬ್ಬ, “ಹಲ್ಲೂ ಇಬ್ಬರದು ಕೂಡೇ ಒಂದ ಸೆಟ್ಟೇನ್ರಿ ಯಜಮಾನ್ರ?” ಅಂದ. ಮಂದಿ ನಕ್ಕರು. ಫಕೀರವ್ವ ಮುಂದ ಬರಲಿಲ್ಲ. ನಮ್ಮ ಕಡೆ ಗಂಡ ಮಾತಾಡುವಾಗ ಹಿರಿಯ ಹೆಣ್ಣುಮಕ್ಕಳು ನಡುವ ಬಾಯಿ ಹಾಕೂದಿಲ್ಲ. ಪ್ರಮಿಳಾ ನಕಲಿನ ಗುಂಡಿ ಒತ್ತಿದಳು, ಹೆಸರು ತಿದ್ದಿದಳು, ವಯಸ್ಸು ತಿದ್ದಿದಳು, ಉಳಿಸಿದಳು. ಮುಂದಿನವರನ್ನ ಕರೆದಳು.

ಮುಂದಿನ ವರ್ಷ ಮಳಿಗಾಲದಲ್ಲಿ ಖಾನಾಪುರದ ನರ್ಸಬಾಯಿ ದವಾಖಾನಿಗೆ ಫೋನು ಮಾಡಿ, ಫಕೀರವ್ವ ಹಾಸಿಗಿ ಹಿಡಿದಾಳ, ಬಾಳ ದಿನ ಉಳಿಯುವಂಗ ಕಾಣೂದಿಲ್ಲ ಅಂತ ತಿಳಿಸಿದಳು. ಪ್ರಮಿಳಾನ ಮ್ಯಾಲಿನವರು ಧನಪಾಲ ಅಂತ. ಅವರು ಆ ಮನಿಗೆ ಸುದ್ದಿ ಕಳಿಸು ಅಂದರು. ಜೀವ ಹೋದ ಕೂಡ್ಲೇ ನಮಗ ತಿಳಿಸಬೇಕು, ತಡ ಆದರೆ ಕಣ್ಣು ಉಪಯೋಗಕ್ಕ ಬರೂದಿಲ್ಲ ಅಂತ. ಪ್ರಮಿಳಾ ಫೋನ್ ನಂಬರಿಗೆ ಅಂತ ಫಕೀರವ್ವನ ದಾಖಲಿ ತೆಗೆದಳು. ಅದರಾಗ ಎಡಗಣ್ಣಿನ ಪೊರೆ ಅಂತ ಇತ್ತು.

ಆ ಸಂಜಿ ಅಕಿ ಉಣ್ಣಲಿಲ್ಲ. ಬಾಗಿಲ ಮುಂದಿನ ಪಾವಟಿಗಿ ಮ್ಯಾಲೆ ಕೂತಿದ್ದಳು.

“ಆಪರೇಶನ್ ಆದ ದಿನ ಅಜ್ಜಿನ್ನ ಕೈ ಹಿಡದು ಜೀಪಿಗೆ ಹತ್ತಿಸಿದಾಕಿ ನಾನ ರೀ. ಡಾಕ್ಟರು ಕಣ್ಣು ನೋಡೇ ಮಾಡಿದ್ದು, ಪಟ್ಟಿ ಬಲಗಣ್ಣಿಗಿತ್ತು. ಎಡಗಣ್ಣು ಗಂಡಂದು. ಅದು ಹ್ಯಾಂಗ ನಕಲಾಗಿ ಬಂತೋ, ಕಣ್ಣು ಕೊಡ್ತೀನಿ ಅನ್ನೂದೂ ಹಂಗ ಬಂದೈತಿ. ನಾ ಅಕಿನ್ನ ಕೇಳೇ ಇಲ್ರಿ ಆಯಿ.”

“ಸಾಹೇಬರಿಗೆ ಹೇಳಿದೇನು?”

“ಹೇಳ್ದೆ. ಆ ಕಣ್ಣು ಬಂದ್ರ ಇಬ್ಬರು ಕುರುಡರಿಗೆ ಬೆಳಕು ಬರತೈತಿ, ನೀ ಹೋಗಿ ಕೇಳಿ, ಅಕಿ ಒಲ್ಲೆ ಅಂದ್ರ ಏನ ಮಾಡ್ತಿ ಅಂತ ಕೇಳಿದ್ರು. ಒಲ್ಲೆ ಅಂದ್ರ ಒಲ್ಲೆ ಅಂತ ಬರೀತೀನ್ರಿ ಅಂದೆ. ಆಮ್ಯಾಲೆ ಹೋಗಿ ಬಾ ಅಂದ್ರು.”

ಒಬ್ಬಾಕಿ ಹೋದರೆ ಕಣ್ಣು ಕೀಳಾಕ ಬಂದಾಳ ಅಂದಾರು ಅಂತ ಐತವಾರ ನಾನೂ ಅಕಿ ಜೋಡಿ ಖಾನಾಪುರದ ಬಸ್ಸು ಹತ್ತಿದೆ. ಬಸಲಿಂಗಪ್ಪ ಕಟ್ಟಿ ಮ್ಯಾಲೆ ಕೂತಿದ್ದರು. “ಬರ್ರಿ, ಕುಂದರ್ರಿ,” ಅಂದು ನೀರು ಕೊಟ್ಟರು. ಪ್ರಮಿಳಾ ಅಜ್ಜಿನ್ನ ಒಂದು ಮಾತು ಕೇಳಬೇಕಾಗೇತ್ರಿ ಅಂದಳು.

“ನನ್ನ ಕೇಳು, ಹೇಳ್ತೀನಿ.”

“ನಿಮ್ಮದು ಕೇಳೇನ್ರಿ ಕಾಕಾ. ಅಜ್ಜೀದು ಅಜ್ಜಿನ ಹೇಳಬೇಕು.”

“ಇಷ್ಟು ವರ್ಷ ನನ್ನ ಮುಂದನ ಬಾಯಿ ಬಿಟ್ಟಿಲ್ಲ ಅಕಿ. ನಿನ್ನ ಮುಂದ ಬಿಡ್ತಾಳ?”

ಒಳಗಿನಿಂದ ಸಣ್ಣ ದನಿ ಬಂತು. “ಕೇಳಿದ್ರ ಬಿಡ್ತಿದ್ನಿ.”

ಬಸಲಿಂಗಪ್ಪ ಬಾಗಿಲ ಬಿಟ್ಟು ಸರಿದರು. ಫಕೀರವ್ವ ಕೌದಿ ಮ್ಯಾಲೆ ಮಲಗಿದ್ದಳು. ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. ಪ್ರಮಿಳಾ ನೆಲಕ್ಕ ಕೂತು, ತಪ್ಪು ಹ್ಯಾಂಗಾತು ಅಂತ ಮೊದಲು ಹೇಳಿದಳು. ಆಮ್ಯಾಲೆ ಕಣ್ಣಿನ ಮಾತು ಹೇಳಿದಳು. ತಗೊಂಡರೆ ಯಾರಿಗೆ ಉಪಯೋಗ ಅನ್ನೂದನ್ನೂ ಹೇಳಿದಳು. ಮುದುಕಿ ಎಲ್ಲಾ ಕೇಳಿಸಿಕೊಂಡಳು.

“ಇವರು ಕೊಡ್ತಾರೇನು?”

“ಹೂನ್ರಿ.”

“ಕೊಡ್ಲಿ. ಪುಣ್ಯೇದ ಕೆಲಸ.” ಸ್ವಲ್ಪ ಹೊತ್ತು ಉಸಿರು ತಗೊಂಡಳು. “ನಾ ಒಲ್ಲೆವ್ವಾ.”

“ಯಾಕ ಒಲ್ಲಿ?” ಬಸಲಿಂಗಪ್ಪ ಬಾಗಿಲ ಹೊರಗ ನಿಂತೇ ಕೇಳಿದರು.

“ಹುಟ್ಟಿದಾಗಿಂದ ಒಲಿ ಹೊಗಿಯಾಗ ಕಣ್ಣೀರು ಸುರಿಸೇನಿ. ಪೊರೆ ತಗದ ಮ್ಯಾಲ ಈಗ ಒಂದು ವರ್ಷ ಮನಿ, ಮೊಮ್ಮಕ್ಕಳ ಮಾರಿ ಚೊಲೋ ಕಂಡಾವ. ಕಂಡದ್ದು ನನ್ನ ಕೂಡ ಬರ್ಲಿ.”

ಪ್ರಮಿಳಾ ಚೀಲದಿಂದ ಒಂದು ಖಾಲಿ ಫಾರ್ಮು ತೆಗೆದಳು. ಊರು, ಓಣಿ ಅಕಿಗೆ ಗೊತ್ತೇ ಇದ್ದುವು, ಆದರೂ ಒಂದೊಂದನ್ನೂ ಫಕೀರವ್ವನ್ನ ಕೇಳಿ ಬರೆದಳು. ಬಲಗಣ್ಣು ಅಂತ ಬರೆದಳು. ದಾನದ ಮುಂದ ಇಲ್ಲ ಅಂತ ಬರೆದಳು. ಮುದುಕಿಯ ಹೆಬ್ಬೆಟ್ಟು ಹಿಡಿದು ಒತ್ತಿಸಿ, ಮಸಿಯನ್ನ ತನ್ನ ಸೆರಗಿನಿಂದ ಒರೆಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಪ್ರಮಿಳಾ, “ಇಬ್ಬರ ಬೆಳಕು ಹೋತಲ್ರಿ ಆಯಿ,” ಅಂದಳು.

“ಹೋತು,” ಅಂದೆ. ಹೋದದ್ದನ್ನ ಹೋಗಿಲ್ಲ ಅನ್ನಾಕ ಬರೂದಿಲ್ಲ.

ಸೋಮವಾರ ಅಕಿ ನಕಲಿನ ದಾಖಲಿ ಅಳಿಸಿ ಹೊಸದು ತುಂಬಿದಳು. ಆ ಪ್ರೋಗ್ರಾಮು ಮಾಡಿದ ಪುಣೆಯವರಿಗೆ ಧನಪಾಲರೇ ಫೋನು ಮಾಡಿ, ನಕಲು ಒತ್ತಿದರೆ ದಾನದ ಚೌಕ ಖಾಲಿ ಬರಬೇಕು ಅಂತ ಹೇಳಿದರು. ಅದನ್ನ ತುಂಬದೆ ಉಳಿಸಲಿಕ್ಕೆ ಬರದಂಗ ಮಾಡಿಸಿದರು. ಪ್ರಮಿಳಾ ಮಾತ್ರ ಮುಂದ ಎಲ್ಲಾ ಶಿಬಿರದಲ್ಲೂ ಹೆಣ್ಣುಮಕ್ಕಳನ್ನ ಗಂಡನ ಬೆನ್ನ ಹಿಂದಿನಿಂದ ಕರೆದು ಕುರ್ಚಿ ಮ್ಯಾಲೆ ಕೂಡಿಸುತ್ತಿದ್ದಳು. ಪಾಳಿ ಸರಿಯೂದಿಲ್ಲ ಅಂತ ಮಂದಿ ಬೈಯುತ್ತಿದ್ದರು.

ಫಕೀರವ್ವ ದೀಪಾವಳಿ ಹತ್ತರ ತೀರಿಕೊಂಡಳು. ಮಣ್ಣು ಕೊಡಲಿಕ್ಕೆ ನಾವಿಬ್ಬರೂ ಹೋಗಿದ್ದೆವು. ಕಣ್ಣು ತರಲಿಕ್ಕೆ ದವಾಖಾನಿಯ ಜೀಪು ಹೋಗಲಿಲ್ಲ.

ಚಳಿ ಕಳೆದ ಮ್ಯಾಲೆ ನಾನು ಚಸ್ಮಾ ಮಾಡಿಸಲಿಕ್ಕೆ ದವಾಖಾನಿಗೆ ಹೋದ ದಿನವೇ ಬಸಲಿಂಗಪ್ಪನೂ ಕಣ್ಣು ತೋರಿಸಲಿಕ್ಕೆ ಬಂದಿದ್ದರು. ಪ್ರಮಿಳಾ ಅವರ ದಾಖಲಿ ತೆಗೆಯಲಿಕ್ಕೆ ಕೈ ಹಚ್ಚಿದಳು.

“ಅದು ಬ್ಯಾಡ. ನಂದೂ ಖಾಲೀದು ತಗಿ,” ಅಂದರು. “ಅವತ್ತು ಮಂದಿ ಮುಂದ ಮೀಸಿ ತಿರುವಿ ಹೇಳಿದ್ದು. ಈಗ ಕೇಳು.”

ಪ್ರಮಿಳಾ ಹೆಸರಿನಿಂದ ಹಿಡಿದು ಕೇಳುತ್ತಾ ಬಂದಳು. ಕಡೀ ಪ್ರಶ್ನೆಗೆ ಅವರು ರುಮಾಲು ತೆಗೆದು ತೊಡಿ ಮ್ಯಾಲೆ ಇಟ್ಟುಕೊಂಡರು. ಹಿಂದ ಯಾರೋ ಲಗೂ ಮಾಡ್ರಿ ಅಂದರು. ಪ್ರಮಿಳಾ ಕೈ ಮಡಚಿಕೊಂಡು ಕಾದಳು.

“ಅಕಿ ತನ್ನ ಕಣ್ಣು ಒಯ್ದಳು,” ಅಂದರು ಬಸಲಿಂಗಪ್ಪ. “ನಂದು ಇಲ್ಲೇ ಉಳೀಲಿ. ಬರಕೋ, ಕೊಡ್ತೀನಿ.”