ರಾಣಿಯಲ್ಲದ ಹೆಂಗಸು

ಎದುರಿಗಿದ್ದವರನ್ನು ನೋಡಲು ಮೇಡಂ ಮುಖವನ್ನು ಕೋಳಿಯ ಹಾಗೆ ಪಕ್ಕಕ್ಕೆ ತಿರುಗಿಸುತ್ತಿದ್ದರು. ಎರಡೂ ಕಣ್ಣುಗಳ ನಡುವಿನ ನೋಟ ಹೋಗಿತ್ತು. ಅಂಚಿನಲ್ಲಿ ಉಳಿದದ್ದೂ ದಿನೇ ದಿನೇ ಮಸುಕಾಗುತ್ತಿತ್ತು.

ಮಂಗಳೂರಿನವರು. ದೋಹಾದ ಶ್ರೀಮಂತರೊಬ್ಬರ ಶಿಲ್ಪಸಂಗ್ರಹ ನೋಡಿಕೊಳ್ಳುತ್ತಿದ್ದರು. ನಾನು ಅವರ ಸಹಾಯಕಿ. ಶುಕ್ರವಾರದ ರಜೆಗೆ ಇಗರ್ಜಿಯ ಪೂಜೆ ಮುಗಿಸಿ, ದೋಹಾ ಹತ್ತಿರದ ಮೆಸಯೀದ್‌ನ ನಮ್ಮ ಮನೆಗೆ ಬಂದರೆ ನೀರುದೋಸೆ ತಿನ್ನುತ್ತಲೂ ಅದೇ ಮಾತು: ಹಳೆಯ ರೋಮಿನ ಹೆಂಗಸರ ಶಿಲ್ಪಗಳಲ್ಲಿ ಯಾವುದು ಯಾರದು?

"ಮುಖ ನಂಬಬೇಡ ಮಾರಾಯ್ತಿ, ಕೂದಲು ನೋಡು" ಎನ್ನುತ್ತಿದ್ದರು. ರೋಮಿನ ರಾಣಿಯ ಶಿಲ್ಪದ ನಕಲುಗಳು ದೇಶವೆಲ್ಲ ಹೋಗುತ್ತಿದ್ದವಂತೆ; ಎಲ್ಲದರಲ್ಲೂ ಸುರುಳಿಗಳು ಒಂದೇ ತರಹ. ಆದರೆ ಉಳ್ಳವರ ಹೆಂಡಂದಿರೂ ರಾಣಿಯಂತೆ ತುರುಬು ಕಟ್ಟಿ ಶಿಲ್ಪ ಮಾಡಿಸುತ್ತಿದ್ದರು. ಮೋಸಹೋಗುವುದು ಅಲ್ಲೇ.

ಆ ಸಂಗ್ರಹದ ಅಮೃತಶಿಲೆಯ ತಲೆಯೊಂದು ಅಂಥ ಒಬ್ಬ ರಾಣಿಯದೆಂದು ಮೇಡಂ ಹರೆಯದಲ್ಲಿ ಬರೆದಿದ್ದರು. ಅವರಿಗೆ ಹೆಸರು ಬಂದದ್ದೇ ಅದರಿಂದ. ಆಗ ಅದನ್ನು ಗೋಡೆಗೂಡಿನಲ್ಲಿ ಗಾರೆ ಹಾಕಿ ಕೂರಿಸಿದ್ದರು. ಹಿಂಭಾಗವನ್ನು ಯಾರೂ ಕಂಡಿರಲಿಲ್ಲ. ಪ್ರದರ್ಶನಕ್ಕೆಂದು ಬಿಡಿಸಿದಾಗ ಸುರುಳಿ ಕಾಣುವಷ್ಟು ದೃಷ್ಟಿ ಮೇಡಂಗೆ ಉಳಿದಿರಲಿಲ್ಲ.

"ಕಿವಿಯ ಹಿಂದಿನ ಸುರುಳಿ ಎತ್ತ ತಿರುಗಿದೆ?" ಎಂದು ನನ್ನನ್ನು ಕೇಳಿದರು.

ರಾಣಿಯ ಬೇರೆ ಶಿಲ್ಪಗಳ ಫೋಟೋ ಹಿಡಿದು ನೋಡಿದೆ. "ಇದರಲ್ಲಿ ಮೇಲಕ್ಕೆ. ಫೋಟೋಗಳಲ್ಲೆಲ್ಲ ಕೆಳಕ್ಕೆ, ಮೇಡಂ."

"ಲೈಟ್ ಹಾಕಿ ಸರಿ ನೋಡು."

"ತುರುಬಿನ ಹೆಣಿಗೆಯೂ ಬೇರೆ."

"ಇನ್ನೊಮ್ಮೆ ನೋಡು, ನಿನ್ನ ದಮ್ಮಯ್ಯ!" ನನ್ನ ರಟ್ಟೆ ಹಿಡಿದು ಶಿಲ್ಪದತ್ತ ತಳ್ಳಿದರು.

ಮತ್ತೆ ನೋಡಿದೆ. ಬೇರೆಯೇ. ಕೊನೆಗೆ ತಾವೇ ತಡಕಿದರು. ಸುರುಳಿಯ ಮೇಲೆ ಬೆರಳು ನಿಂತಿತು. ಅಲ್ಲೇ ನೆಲದಲ್ಲಿ ಕೂತು, "ಇನ್ನು ನನ್ನದೂಂತ ಎಂತ ಉಳಿಯಿತು?" ಎಂದು ಅತ್ತರು.

ಮಾಲೀಕರ ಮ್ಯಾನೇಜರ್ ನಕ್ಕುಬಿಟ್ಟ. "ಹಿಂದೆ ಯಾರು ನೋಡ್ತಾರೆ ಮೇಡಂ? ರಾಣಿ ಅಂತಲೇ ಇರಲಿ, ಖಲಾಸ್!"

"ಸತ್ತ ಮೇಲೂ ತನ್ನ ಮುಖ ಉಳಿಯಲಿ ಅಂತ ಯಾರೋ ಹೆಂಗಸು ಮಾಡಿಸಿದ್ದು," ಎಂದರು ಮೇಡಂ. "ಅದಕ್ಕೆ ಇನ್ನೊಬ್ಬಳ ಹೆಸರು ನಾನು ಹಚ್ಚುವುದಿಲ್ಲ."

ತಲೆ ಪ್ರದರ್ಶನಕ್ಕೆ ಹೋಗಲಿಲ್ಲ. ಮೇಡಂ ಅವರ ಕೆಲಸವೂ ಹೋಯಿತು. ಊರಿಗೆ ಮರಳಿ, ಮಂಗಳೂರಿನ ತಂಗಿಯ ಮನೆಯಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ರಾಣಿ ಅಲ್ಲ, ಸರಿ. ಮತ್ತೆ ಯಾರು?" ಕಣ್ಣು ಪೂರ್ತಿ ಹೋದ ಮೇಲೆ ಆ ಸ್ವರ ಕೇಳಿ ಸಹಿಸಲಾಗುತ್ತಿರಲಿಲ್ಲ.

ಕೊನೆಯ ಸಲ ಫೋನ್ ಮಾಡಿದಾಗ ಮಾತಿಗೆ ಉಸಿರೂ ಸಾಲುತ್ತಿರಲಿಲ್ಲ. "ಸಿಕ್ಕಿತಾ?"

"ಇಲ್ಲ ಮೇಡಂ."

"ಬಿಡಬೇಡ."

ಅದೇ ವಾರ ತೀರಿಕೊಂಡರು. ಶಿಲ್ಪ ನೋಡಲು ಕಲಿಸಿದವರು ಅವರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಆ ಹೆಂಗಸು ಯಾರೆಂದು ಇನ್ನೂ ಗೊತ್ತಾಗಿಲ್ಲ. ಹುಡುಕುತ್ತಿದ್ದೇನೆ.