ಎರಡು ಎಂಜಿನ್, ಒಂದು ಬೆನ್ನು

ಕಾಳುಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಮೇಲೆ ನನ್ನ ಹೆಂಡತಿಯ ಬೆನ್ನು ಮೊದಲಿನಂತಾಗಲಿಲ್ಲ. ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ, ನನ್ನನ್ನು ಬೈಯುವುದರಲ್ಲೂ ಕಡಿಮೆಯಿಲ್ಲ. ಆದರೆ ನಮ್ಮ ಜೀಪಿನಲ್ಲಿ ಕೂತರೆ ಹತ್ತಿರದ ಮಾದಾಪುರ ದಾಟುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತದೆ. ಅವಳ ತವರು ಹಾರಂಗಿಯ ಹತ್ತಿರ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ದೂರವೇನಲ್ಲ, ಆದರೂ ವರ್ಷದಿಂದ ಅವಳು ಹೋಗಿರಲಿಲ್ಲ. ಅವಳ ತಾಯಿಗೋ ತಿರುವಿನ ದಾರಿ ಎಂದರೆ ವಾಂತಿ, ಅವರು ನಮ್ಮಲ್ಲಿಗೆ ಬರಲಾರರು. "ಬಿಡಿ, ಫೋನ್ ಇದ್ಯಲ್ಲ" ಎನ್ನುತ್ತಿದ್ದಳು. ಹಾಗಂದ ದಿನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು.

ಒಂದು ಮದುವೆಯಿಂದ ನೆಂಟರೊಬ್ಬರು ಅವಳನ್ನು ತಮ್ಮ ಹಳೆಯ ಸೆಡಾನಿನಲ್ಲಿ ಮನೆಗೆ ಬಿಟ್ಟರು. ಅಮೆರಿಕದ ಕಂಪನಿಯೊಂದರ ಕಾರು. ಇಳಿದವಳೇ, "ರೀ, ಈ ಸೀಟಲ್ಲಿ ನೋವೇ ಗೊತ್ತಾಗ್ಲಿಲ್ಲ" ಅಂದಳು. ನನಗೆ ಅಷ್ಟು ಸಾಕಾಯಿತು. ಕೊಂಡರೆ ಅದೇ ಕಾರು ಎಂದು ಹಟ ಹಿಡಿದೆ.

ಊರಿಗೆ ಊರೇ ಬುದ್ಧಿ ಹೇಳಲು ನಿಂತಿತು. ಕಂಪನಿ ದೇಶ ಬಿಟ್ಟು ಹೋಗಿದೆ, ಸ್ಪೇರ್ ಪಾರ್ಟ್ಸ್‌ಗೆ ಅಲೆಯಬೇಕು, ಹೊಟ್ಟೆ ತಗ್ಗು, ಎಸ್ಟೇಟ್ ರಸ್ತೆಯಲ್ಲಿ ಕೆರೆಯುತ್ತದೆ. ಎಲ್ಲ ನಿಜವೇ. ಪಕ್ಕದ ತೋಟದ ನನ್ನ ದೊಡ್ಡಪ್ಪನ ಮಗ ಮಾತ್ರ ಡೀಸೆಲ್ಲೇ ಒಳ್ಳೆಯದೆಂದು ನಮ್ಮ ಮನೆಮಾತಿನಲ್ಲಿ ಚುಟುಕಾಗಿ ಮುಗಿಸಿದ: "ಡೀಸೆಲ್ ಲಾಯ್ಕ ಉಟ್ಟು. ಪೆಟ್ರೋಲ್ ಬೇಡ." ನಮ್ಮವರಿಗೆ ಡೀಸೆಲ್ ಮೇಲೆ ಕುರುಡು ಪ್ರೀತಿ. ನೀರೆತ್ತುವ ಪಂಪು, ಟಿಲ್ಲರು, ಪಿಕಪ್ಪು ಎಲ್ಲವೂ ಡೀಸೆಲ್ ಕುಡಿಯುವಾಗ ಕಾರು ಮಾತ್ರ ಬೇರೆ ಜಾತಿಯದಾಗುವುದು ಹೇಗೆ?

ಕುಶಾಲನಗರದ ಹಳೇ ಕಾರುಗಳ ಅಂಗಡಿಯಲ್ಲಿ ಅದೇ ಮಾದರಿಯ ಎರಡು ಕಾರು ಸಿಕ್ಕವು, ಒಂದು ಡೀಸೆಲ್, ಒಂದು ಪೆಟ್ರೋಲ್. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆಗಿದ್ದೆ. ಹೋದವನೇ ಬಾನೆಟ್ ಮೇಲೆ ಅಂಗೈ ಇಟ್ಟೆ. ನಾವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗಿನ ರೋಗ ಗೊತ್ತಾಗುವುದಿಲ್ಲವಲ್ಲ! ಎರಡೂ ತಣ್ಣಗಿದ್ದವು. ಟೈಮಿಂಗ್ ಬೆಲ್ಟ್ ಬದಲಾಗಿದೆಯೇ, ಆಯಿಲ್ ಮುಚ್ಚಳದ ಕೆಳಗೆ ಬೆಳ್ಳಗೆ ನೊರೆ ಕಟ್ಟಿದೆಯೇ ಎಂದೆಲ್ಲ ವಿಚಾರಿಸಿದೆ. ನೆಂಟರ ಕಾರಿನಲ್ಲೇ ಬಂದಿದ್ದ ಹೆಂಡತಿ ನೆರಳಲ್ಲಿ ಕೂತು ನಗುತ್ತಿದ್ದಳು.

ಅಷ್ಟರಲ್ಲಿ ಅವಳ ತಮ್ಮ ಪಿಕಪ್ಪಿನಲ್ಲಿ ಶುಂಠಿ ಮೂಟೆ ಹೇರಿಕೊಂಡು ಬಂದಿಳಿದ. "ಖಾಲಿ ಗಾಡಿ ಓಡ್ಸಿದ್ರೆ ಏನ್ ಗೊತ್ತಾಯ್ತದೆ ಭಾವ? ಲೋಡ್ ಹಾಕಿ ನೋಡ್ಬೇಕು!" ಅಂಗಡಿಯವನು ಬೇಡ ಬೇಡ ಎನ್ನುತ್ತಿದ್ದಂತೆ ಡಿಕ್ಕಿಯಲ್ಲಿ ಮೂಟೆಗಳು ಕೂತವು. ನನಗೂ ಅದು ಸರಿಯೆನಿಸಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಏರಿನತ್ತ ಹೊರಟೆವು. ಡೀಸೆಲ್ ಕಾರು ಮೂರನೇ ಗೇರಿನಲ್ಲೇ ಸಲೀಸಾಗಿ ಹತ್ತಿತು. ಪೆಟ್ರೋಲ್ ಕಾರು ಅದೇ ಮೂಟೆ ಹೊತ್ತು ಅದೇ ಏರಿನಲ್ಲಿ ಏದುಸಿರು ಬಿಟ್ಟಿತು, ರಸ್ತೆಯ ಹಂಪಿನಲ್ಲಿ ಹೊಟ್ಟೆಯನ್ನೂ ಕೆರೆದುಕೊಂಡಿತು. ಭಾವಮೈದುನ ಗೆದ್ದವನಂತೆ ನನ್ನ ಬೆನ್ನು ತಟ್ಟಿದ. ನಾನು ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದೆ.

"ಶುಂಠಿ ಏನಂತು?" ಎಂದಳು ಹೆಂಡತಿ.

ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ.

"ಶುಂಠಿನ ಕರ್ಕೊಂಡೋಗಕ್ಕೆ ತಾನೆ ಕಾರ್ ತಗೊಳ್ತಿರೋದು? ನನ್ನ ಒಂದ್ ಮಾತು ಕೇಳಿದ್ರಾ?"

ನನ್ನ ಕೈ ಜೇಬಿನಲ್ಲೇ ಉಳಿಯಿತು. ಅವಳು ಮೂಟೆ ಇಳಿಸಲು ಹೇಳಿದಳು. ಡೀಸೆಲ್ ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿಸಿ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೇ ಇಳಿದು, ಪೆಟ್ರೋಲ್ ಕಾರನ್ನೂ ಸ್ಟಾರ್ಟ್ ಮಾಡಿಸಿ ಅದರಲ್ಲಿ ಕೂತಳು. ಅಲ್ಲಿಂದ ಏಳಲೇ ಇಲ್ಲ.

"ಅದು ನಿಂತಾಗ್ಲೂ ನಡುಗ್ತದೆ ಕಣೋ, ನೇರ ಸೊಂಟಕ್ಕೇ ಬಂದು ಹೊಡೀತದೆ" ಎಂದು ತಮ್ಮನಿಗೆ ಹೇಳಿದಳು. "ಇದು ನಿಧಾನ ಹತ್ತಿದ್ರೆ ಹತ್ಲಿ. ನನಗೇನ್ ಅರ್ಜೆಂಟು?"

ಪೆಟ್ರೋಲ್ ಕಾರನ್ನೇ ತಂದೆವು. ದೊಡ್ಡಪ್ಪನ ಮಗ ಅದನ್ನು ಸುತ್ತು ಹಾಕಿ ನೋಡಿ, ಸಾವಿನ ಮನೆಗೆ ಬಂದವನಂತೆ ತಲೆಯಾಡಿಸಿ ಹೋದ.

ಮುಂದಿನ ಭಾನುವಾರ ಹಾರಂಗಿಗೆ ಹೊರಟೆವು. ಸುಂಟಿಕೊಪ್ಪ ದಾಟಿದ ಮೇಲೆ ಹಿಂದಿನ ಸೀಟಿನಿಂದ ಮಾತು ನಿಂತಿತು. ನೋವು ಶುರುವಾಯಿತೇನೋ ಎಂದು ಕನ್ನಡಿಯಲ್ಲಿ ನೋಡಿದೆ. ಇಲ್ಲ, ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದುಕೊಂಡು. ಬಿದ್ದ ದಿನದಿಂದ ಮಾತ್ರೆಯಿಲ್ಲದೆ ಅವಳು ಹೀಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ತವರಿನ ಗೇಟು ಬಂತು. ಅಂಗಳಕ್ಕೆ ಹೋಗುವ ಕಲ್ಲುದಾರಿಗೆ ಕಾರು ಇಳಿಸಲು ಮನಸ್ಸಾಗಲಿಲ್ಲ. ಗೇಟಿನ ಒಳಗೇ, ಮರದಡಿ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದರೆ ಎಚ್ಚರವಾದೀತೆಂದು ಹಾಗೇ ಬಿಟ್ಟೆ.

ಫೋನ್ ಬಂತು. ಭಾವಮೈದುನ. "ಯಾಕ್ ಭಾವ ಅಲ್ಲೇ ನಿಂತ್ರಿ? ಆಗ್ಲೇ ಕೈ ಕೊಡ್ತಾ ಗಾಡಿ?"

"ಗಾಡಿ ಚೆನ್ನಾಗಿದೆ ಮಾರಾಯ" ಎಂದು ಪಿಸುಗುಟ್ಟಿದೆ. "ನಿಮ್ಮಕ್ಕ ನಿದ್ದೆ ಮಾಡ್ತಿದ್ದಾಳೆ."

ಅವನೂ ಪಿಸುಗುಟ್ಟಿದ: "ಎಬ್ಬಿಸ್ಬೇಡಿ. ಅಮ್ಮನ್ನ ಕರ್ಕೊಂಡ್ ಬತ್ತೀನಿ."

ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಸದ್ದಿಲ್ಲದೆ ಬಂದರು. ಮುಂದಿನ ಬಾಗಿಲನ್ನು ಮೆಲ್ಲಗೆ ತೆರೆದು ಒಳಗೆ ಕೂತು, ಹಿಂದಕ್ಕೆ ತಿರುಗಿ ಮಗಳನ್ನೇ ನೋಡುತ್ತ ಉಳಿದರು. ಬಾಗಿಲು ಹಾಕಲು ಹೋದ ನನ್ನ ಕೈಯನ್ನು ಹಿಡಿದು ತಡೆದರು.